ಯಾವ ಜಿಹೋನ ಅಮ್ಮ?

ಬಸ್ ನಿಲ್ದಾಣದಲ್ಲಿ ಅಷ್ಟು ಜನರ ನಡುವೆ ಅತ್ತೆ ಗಂಟಲು ಹರಿಯುವಂತೆ ಕೂಗಿದರು. "ಜಿಹೋ ಅಮ್ಮಾ! ಏಯ್, ಜಿಹೋ ಅಮ್ಮಾ! ಇಲ್ಲಿ ಸೀಟು ಹಿಡಿದಿದ್ದೀನಿ ಬಾ!"

ಮಾಸಾನ್ ಬಂದರಿನ ಒಣಮೀನು ಸಂತೆಯಲ್ಲಿ ಅರ್ಧ ಆಯುಷ್ಯ ಗಿರಾಕಿಗಳನ್ನು ಕೂಗಿ ಕರೆದ ಗಂಟಲು ಅದು. ಯೊನ್ಸು ತಿರುಗಿದಳು. ಅವಳ ಬೆನ್ನಿಗೆ ಕಟ್ಟಿದ್ದ ಜಿಹೋ ಕೂಡ ಅಜ್ಜಿಯ ದನಿ ಕೇಳಿ ತಿರುಗಿದ. ಕೈ ಹಿಡಿದು ನಿಂತಿದ್ದ ಬೊಮಿ ಮಾತ್ರ ತಿರುಗಲಿಲ್ಲ. ಹೊಸ ಬೂಟಿನಲ್ಲಿ ನೆಲ ಕೆರೆಯುತ್ತ ನಿಂತಳು.

ನಮ್ಮಲ್ಲಿ ಮಕ್ಕಳಾದ ಹೆಂಗಸನ್ನು ಅವಳ ಹೆಸರು ಹಿಡಿದು ಕರೆಯುವವರು ಬ್ಯಾಂಕಿನವರು ಮತ್ತು ಆಸ್ಪತ್ರೆಯವರು, ಅಷ್ಟೇ. ಮಿಕ್ಕವರಿಗೆಲ್ಲ ಅವಳು ಇಂಥ ಮಗುವಿನ ಅಮ್ಮ. ಅದೂ ಚೊಚ್ಚಲ ಮಗುವಿನ ಹೆಸರಲ್ಲಿ. ಆಮೇಲೆ ಇನ್ನೆಷ್ಟು ಹೆತ್ತರೂ ಆ ಹೆಸರು ಬದಲಾಗುವುದಿಲ್ಲ. ಯೊನ್ಸು ಮದುವೆಯಾಗಿ ಬಂದಾಗ ಬೊಮಿಗೆ ಒಂದೂವರೆ ವರ್ಷ. ಹೆತ್ತವಳು, ಗಂಡನ ಮೊದಲ ಹೆಂಡತಿ, ಮಗುವಿನ ಮೊದಲ ಹುಟ್ಟುಹಬ್ಬಕ್ಕೂ ಉಳಿಯದೆ ಕ್ಯಾನ್ಸರಿನಲ್ಲಿ ಹೋಗಿದ್ದಳು. ಯೊನ್ಸು ಬಂದ ವಾರದೊಳಗೆ ಕೆಳಗಿನ ಮನೆಯವರಿಗೆ, ತರಕಾರಿಯವಳಿಗೆ, ಲಿಫ್ಟಿನಲ್ಲಿ ಸಿಗುವ ಮುದುಕರಿಗೆ, ಎಲ್ಲರಿಗೂ ಅವಳು "ಬೊಮಿ ಅಮ್ಮ" ಆಗಿಹೋದಳು. ಬೇನೆ ತಿನ್ನದೆ ಸಿಕ್ಕಿದ ಹೆಸರು ಎಂದು ಮೊದಮೊದಲು ಸಂಕೋಚಪಟ್ಟಳು. ಆಮೇಲೆ ಜ್ವರ, ವಾಂತಿ, ನಿದ್ದೆಗೇಡು ಎಲ್ಲವನ್ನೂ ತಿಂದು ಆ ಹೆಸರಿಗೆ ತಕ್ಕವಳಾದಳು.

ಅತ್ತೆ ಮಾತ್ರ ಸೊಸೆಯನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. "ನೋಡಿಲ್ಲಿ", "ಕೇಳಿಸ್ತಾ", "ಏಯ್ ಇವಳೇ" ಎಂಬ ಮೂರು ಮಾತಿನಲ್ಲಿ ನಾಲ್ಕು ವರ್ಷ ದೂಡಿದರು. ಜಿಹೋ ಹುಟ್ಟಿದ. ಅವನ ನೂರನೇ ದಿನದ ಹಬ್ಬಕ್ಕೆ ಮನೆತುಂಬ ನೆಂಟರು ಸೇರಿದ್ದಾಗ ಅಡುಗೆಮನೆಯಿಂದ ಅತ್ತೆಯ ಕೂಗು ಬಂತು. "ಜಿಹೋ ಅಮ್ಮಾ, ಅಕ್ಕಿ ಕಡುಬಿನ ತಟ್ಟೆ ತಗೊಂಡು ಬಾ!" ನಾಲ್ಕು ವರ್ಷ ಕಟ್ಟಿಹೋಗಿದ್ದ ಬಾಯಿ ಅವತ್ತು ಬಿಚ್ಚಿಕೊಂಡಿತು. ಯೊನ್ಸುವಿಗೆ ಖುಷಿಯಾಯಿತು. ಸುಳ್ಳೇಕೆ, ಎದೆ ತುಂಬಿ ಬಂತು. ಕೊನೆಗೂ ಅತ್ತೆ ತನ್ನನ್ನು ಕರೆದರಲ್ಲ ಎಂದು ತಟ್ಟೆ ಹಿಡಿದು ಓಡಿದಳು. ಹಿರಿಯರ ಬಾಯಲ್ಲಿ ಬಂದದ್ದು ನೆಂಟರ ಬಾಯಿಗೆ, ನೆಂಟರ ಬಾಯಿಂದ ನೆರೆಯವರ ಬಾಯಿಗೆ ಹತ್ತಿತು. ಒಂದು ವರ್ಷದಲ್ಲಿ "ಬೊಮಿ ಅಮ್ಮ" ಎನ್ನುವವರು ಶಿಶುವಿಹಾರದ ಕಡೆಯವರು ಮಾತ್ರ ಉಳಿದರು.

ದೊಡ್ಡವರು ಗಮನಿಸದ್ದನ್ನು ಬೊಮಿ ಗಮನಿಸಿದಳು. ಸ್ನಾನ ಮಾಡಿಸುವಾಗ ಒಂದು ದಿನ ಕೇಳಿದಳು.

"ಅಮ್ಮಾ, ಮೊದ್ಲು ಹುಟ್ಟಿದ್ದು ನಾನಲ್ವಾ?"

"ಹ್ಞೂಂ ಮತ್ತೆ, ನೀನೇ."

"ಮತ್ತೆ ನೀನ್ಯಾಕೆ ಜಿಹೋ ಅಮ್ಮ?"

"ಅಜ್ಜಿಗೆ ವಯಸ್ಸಾಯ್ತಲ್ಲ ಪುಟ್ಟಿ, ಬಾಯಿಗೆ ಬಂದ ಹೆಸರು ಕರೀತಾರೆ. ಕಣ್ಣು ಮುಚ್ಕೋ, ಸೋಪು ಹೋಗುತ್ತೆ."

ಬೊಮಿ ಕಣ್ಣು ಮುಚ್ಚಿದಳು, ಆದರೆ ನಂಬಲಿಲ್ಲ. ಹೆತ್ತವಳ ವಿಷಯವನ್ನು ಮುಂದಿನ ವರ್ಷ ಶಾಲೆಗೆ ಸೇರಿದ ಮೇಲೆ ನಿಧಾನವಾಗಿ ಹೇಳೋಣ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಅಲ್ಲಿಯವರೆಗೆ ಮಗುವಿನ ಮನಸ್ಸಿನಲ್ಲಿ ಒಂದು ಸಣ್ಣ ಅನುಮಾನವೂ ಹುಟ್ಟಬಾರದು ಎಂಬುದು ಯೊನ್ಸುವಿನ ಒಂದೇ ಚಿಂತೆ. ಅದಕ್ಕೇ ಮಕ್ಕಳ ದಿನಕ್ಕೆ ಹದಿನೈದು ದಿನ ಇರುವಾಗಲೇ ಮಾತು ಕೊಟ್ಟಿದ್ದಳು. "ಅಪ್ಪ ಜಿಹೋನ ನೋಡ್ಕೋತಾರೆ. ನಾವಿಬ್ರೇ ದೊಕ್ಕೆಬಿ ನಾಡಿಗೆ ಹೋಗೋಣ. ಅವತ್ತೆಲ್ಲ ನಾನು ಬರೀ ಬೊಮಿ ಅಮ್ಮ. ಆಯ್ತಾ?" ಬೊಮಿ ಕಿರುಬೆರಳು ಕೊಕ್ಕೆ ಹಾಕಿ ಆಣೆ ಮಾಡಿಸಿಕೊಂಡಿದ್ದಳು.

ಮಕ್ಕಳ ದಿನದ ಬೆಳಿಗ್ಗೆ ಗಂಡನಿಗೆ ಕಾರ್ಖಾನೆಯಿಂದ ಫೋನು ಬಂತು. ಯಾರೋ ಕೈಕೊಟ್ಟಿದ್ದಾರೆ, ಪಾಳಿಗೆ ಬರಲೇಬೇಕು. ಜಿಹೋ ಯೊನ್ಸುವಿನ ಬೆನ್ನೇರಿದ. "ಇಬ್ಬರನ್ನ ಒಬ್ಬಳೇ ಹೆಂಗೆ ಸಂಭಾಳಿಸ್ತೀಯ?" ಎಂದು ಅತ್ತೆಯೂ ಚಪ್ಪಲಿ ಮೆಟ್ಟಿ, ಮುಂದಾಗಿ ಹೋಗಿ ಬಸ್ಸಿನಲ್ಲಿ ಸೀಟು ಹಿಡಿದು ಕೂಗಿದರು.

ಒಂಟಿ ಕೊಂಬಿನ, ದೊಣ್ಣೆ ಹಿಡಿದ ತುಂಟ ಭೂತ ದೊಕ್ಕೆಬಿಯ ಹೆಸರಿನ ಆ ಪಾರ್ಕಿಗೆ ಅವತ್ತು ಇಡೀ ಜಿಲ್ಲೆ ನುಗ್ಗಿತ್ತು. ಗೇಟಿನಲ್ಲಿ ಕೊಂಬಿನ ಟೋಪಿ ಹಂಚುತ್ತಿದ್ದರು. ಬೊಮಿ ಟೋಪಿ ಹಾಕಿಕೊಂಡು ಅಮ್ಮನಿಗೂ ಒಂದು ಹಾಕಿಸಿದಳು. ಜಿಹೋನನ್ನು ಅತ್ತೆಯ ಕೈಗೆ ಕೊಟ್ಟು, ಅಲ್ಲಿಂದ ಸೀದಾ ದೊಕ್ಕೆಬಿ ರೈಲಿನ ಸಾಲು. ಆ ರೈಲು ಗುಹೆಯೊಳಗೆ ಹೋಗಿ, ಭೂತಗಳ ಮದುವೆ ನೋಡಿ, ಆ ಕಡೆಯಿಂದ ಬರುತ್ತದಂತೆ. ಏಳು ವರ್ಷದೊಳಗಿನವರ ಪಕ್ಕ ದೊಡ್ಡವರು ಕೂರಲೇಬೇಕು. ಬೊಮಿಗೆ ಬೇಕಾಗಿದ್ದದ್ದೇ ಅದು.

ಸಾಲಿನಲ್ಲಿ ಅವಳ ಶಿಶುವಿಹಾರದ ಗೆಳತಿ ಸೊರಾ ಸಿಕ್ಕಳು. ಸೊರಾಳ ಅಮ್ಮ ಬೊಮಿಯ ಕೆನ್ನೆ ಚಿವುಟಿ ಚೀಲದಿಂದ ಒಂದು ಬೆಲ್ಲದ ಮಿಠಾಯಿ ತೆಗೆದಳು. ಬೊಮಿ ಸೊಂಟ ಬಾಗಿಸಿ, ಎರಡೂ ಕೈ ಚಾಚಿ ಈಸಿಕೊಂಡಳು.

"ತುಂಬ ಥ್ಯಾಂಕ್ಸು. ನೀವೂ ರೈಲಿಗೆ ಬಂದ್ರಾ?"

"ಅಯ್ಯೋ, ಏನು ಚೆಂದ ಮಾತಾಡುತ್ತಪ್ಪಾ ಮಗು! ಬೊಮಿ ಅಮ್ಮ, ನಮ್ಮನೇದಕ್ಕೂ ಸ್ವಲ್ಪ ಕಲಿಸ್ರೀ."

"ಅದನ್ನ ಕಲಿಸಿದ್ದು ನಾನು," ಎಂದರು ಅತ್ತೆ ಬೇಲಿಯಾಚೆಯಿಂದ. "ಸ್ವಂತ ಅಮ್ಮಂಗೆ ‘ನೀನು’ ಅಂದ್ರೂ ನಡಿಯತ್ತೆ, ಒಂದು ಕೈಲಿ ಕಿತ್ಕೊಂಡ್ರೂ ನಡಿಯತ್ತೆ. ಬೇರೆಯವರ ಅಮ್ಮಂಗೆ ‘ನೀವು’ ಅನ್ಬೇಕು, ಎರಡು ಕೈಲಿ ಇಸ್ಕೋಬೇಕು ಅಂತ."

ಬೊಮಿ ಆಗಲೇ ಇತ್ತ ತಿರುಗಿ ಮಿಠಾಯಿಯನ್ನು ಯೊನ್ಸುವಿನ ಮೂಗಿಗೆ ಹಿಡಿದಿದ್ದಳು. "ಅಮ್ಮಾ, ಬಿಚ್ಕೊಡು. ಬೇಗ!" ಯೊನ್ಸು ನಗುತ್ತ ಹಲ್ಲಿನಲ್ಲಿ ಕಾಗದ ಹರಿದು ಕೊಟ್ಟಳು.

ಅವರ ಸರದಿಗೆ ಇನ್ನು ಎರಡು ಗುಂಪು ಇರುವಾಗ ಅತ್ತೆಯ ಕೈಲಿದ್ದ ಜಿಹೋ ಕಿರುಚಲು ಹಿಡಿದ. ಅತ್ತೆ ಅಲ್ಲಾಡಿಸಿದರು, ತಟ್ಟಿದರು, ಗಿಲಕಿ ಆಡಿಸಿದರು. ಆಮೇಲೆ ಸಂತೆಯ ದನಿ ತೆಗೆದರು. "ಜಿಹೋ ಅಮ್ಮಾ! ನನ್ ಕೈಲಾಗಲ್ಲಮ್ಮ, ಹಾಲಿಗೆ ಅಳ್ತಿದೆ!"

"ಐದು ನಿಮಿಷ ಅತ್ತೆ, ಬಂದ್ಬಿಟ್ವಿ!"

"ಐದು ನಿಮಿಷದಲ್ಲಿ ಮಗು ಉಸಿರು ಕಟ್ಟಿದ್ರೆ ಯಾರು ನೋಡೋರು?"

ಸಾಲಿನವರೆಲ್ಲ ಯೊನ್ಸುವನ್ನು ನೋಡಿದರು. ಅವಳು ಬೊಮಿಯ ಕೈ ಹಿಡಿದು ಸಾಲು ಬಿಟ್ಟು ಬಂದಳು. ಬೊಮಿ ಅಳಲಿಲ್ಲ, ರಂಪ ಮಾಡಲಿಲ್ಲ. ಮಾಡಿದ್ದರೇ ಚೆನ್ನಾಗಿತ್ತು.

ಮರದ ನೆರಳಲ್ಲಿ ಚಾಪೆ ಹಾಸಿ ಕಿಂಬಾಪ್ ಡಬ್ಬಿ ಬಿಚ್ಚಿದರು. ಅನ್ನವನ್ನು ಕಡಲಪಾಚಿಯ ಹಾಳೆಯಲ್ಲಿ ಸುತ್ತಿ ಕೊಯ್ದಾಗ ಉಳಿಯುವ ಎರಡು ತುದಿಗಳು ಬೊಮಿಗೆ ಪಂಚಪ್ರಾಣ. ಅಲ್ಲಿ ಕ್ಯಾರೆಟ್ಟು, ಮೊಟ್ಟೆ, ಪಾಲಕ್ಕು ಕೆದರಿದ ಕೂದಲಿನಂತೆ ಆಚೆ ಬಂದಿರುತ್ತವೆ. ಯೊನ್ಸು ಬೆಳಗಿನ ಜಾವ ಎದ್ದು ಸುತ್ತಿದ ಅಷ್ಟೂ ಸುರುಳಿಗಳ ತುದಿಗಳನ್ನು ಬೇರೆ ಪುಟ್ಟ ಡಬ್ಬಿಯಲ್ಲಿ ತುಂಬಿ ತಂದಿದ್ದಳು. ಬೊಮಿ ಮುಟ್ಟಲಿಲ್ಲ. "ಆಮೇಲೆ," ಎಂದಳು. "ರೈಲಾದ್ಮೇಲೆ."

"ಜಿಹೋ ಮಲಗಿದ ತಕ್ಷಣ ಹೋಗೋಣ. ಆಣೆ."

"ಕಿರುಬೆರಳು ಕೊಡು."

ಯೊನ್ಸು ಕೊಟ್ಟಳು.

ಜಿಹೋ ಮಲಗಿದ. ಅತ್ತೆಯೂ ಪಕ್ಕದಲ್ಲಿ ಕಾಲು ಚಾಚಿ ಕಣ್ಣು ಮುಚ್ಚಿದರು. ಮತ್ತೆ ಸಾಲು. ಬಿಸಿಲು ತಲೆ ಮೇಲೆ ಬಂದಿತ್ತು, ಸಾಲು ಬೆಳಗಿನ ಎರಡರಷ್ಟು ಬೆಳೆದಿತ್ತು. ಬೊಮಿ ಅಮ್ಮನ ಸೊಂಟಕ್ಕೆ ಒರಗಿಕೊಂಡು, ಗುಹೆಯೊಳಗಿನ ಮದುವೆಯಲ್ಲಿ ಹೆಣ್ಣುಭೂತಕ್ಕೆ ಎಷ್ಟು ಕೊಂಬು ಇರಬಹುದು, ಹೆಣ್ಣುಭೂತದ ಅಮ್ಮನೂ ಬಂದಿರುತ್ತಾಳೋ ಇಲ್ಲವೋ ಎಂದೆಲ್ಲ ಕೇಳುತ್ತ ನಿಂತಳು. ಬೆಳಗಿನಿಂದ ಆ ಮಗು ಬಾಯ್ತುಂಬ ಮಾತಾಡಿದ್ದು ಆ ಒಂದು ಗಳಿಗೆ.

"ಜಿಹೋ ಅಮ್ಮಾ!"

ಅತ್ತೆ ಎದ್ದು ಬಂದಿದ್ದರು. ತೋಳಿನಲ್ಲಿ ಜಿಹೋ, ಜಿಹೋನ ಕಾಲ ಮೇಲೆಲ್ಲ ಹಳದಿ ಭೇದಿ. ಅತ್ತೆಯ ಹೊಸ ಕುಪ್ಪಸಕ್ಕೂ ಹತ್ತಿತ್ತು.

ಯೊನ್ಸು ಸಾಲನ್ನು ನೋಡಿದಳು, ಮಗನನ್ನು ನೋಡಿದಳು. ಮತ್ತೆ ಸಾಲು ಬಿಟ್ಟರೆ ಇವತ್ತಿಗೆ ರೈಲು ಇಲ್ಲ. "ಬೊಮಿ, ನೀನಿಲ್ಲೇ ನಿಂತಿರು. ಜಾಗ ಬಿಡ್ಬೇಡ. ತೊಳೆದು, ಬಟ್ಟೆ ಬದಲಾಯಿಸಿ ಓಡಿ ಬರ್ತೀನಿ. ನೀನು ನನ್ನ ಜಾಣೆ ಅಲ್ವಾ?"

ಬೊಮಿ ಸೊಂಟ ಹಿಡಿದಿದ್ದ ಕೈ ಬಿಟ್ಟಳು.

ಮಕ್ಕಳ ಬಟ್ಟೆ ಬದಲಿಸುವ ಕೋಣೆಯಲ್ಲೂ ಸಾಲಿತ್ತು. ಎಲ್ಲ ಮುಗಿಸಿ, ಜಿಹೋನನ್ನು ಮತ್ತೆ ಬೆನ್ನಿಗೆ ಬಿಗಿದು ಯೊನ್ಸು ಓಡಿ ಬಂದಾಗ ಬೊಮಿ ನಿಂತ ಜಾಗದಲ್ಲಿ ಬೇರೆ ಯಾರೋ ನಿಂತಿದ್ದರು. ಅವಳ ಹಿಂದೆ ಮುಂದೆ ಇದ್ದವರು ಯಾರೂ ಇರಲಿಲ್ಲ, ಎಲ್ಲರೂ ರೈಲು ಹತ್ತಿ ಹೋಗಿದ್ದರು. "ಕೆಂಪು ಬೂಟು, ಕೊಂಬಿನ ಟೋಪಿ, ಇಷ್ಟೆತ್ತರ," ಎಂದು ಯೊನ್ಸು ಕಂಡಕಂಡವರನ್ನು ಕೇಳಿದಳು. ಅವತ್ತು ಅಲ್ಲಿ ಕೊಂಬಿನ ಟೋಪಿ ಇಲ್ಲದ ಮಗುವೇ ಇರಲಿಲ್ಲ.

ಅವಳು ರೈಲಿನ ಆಚೆ ಬಾಗಿಲಿಗೆ ಓಡಿದಳು, ಕುದುರೆ ತೊಟ್ಟಿಲಿಗೆ ಓಡಿದಳು, ಹೆಂಗಸರ ಶೌಚಾಲಯದ ಬಾಗಿಲುಗಳನ್ನು ಒಂದೊಂದಾಗಿ ಬಡಿದಳು. ಅತ್ತೆ ಕೊಳದ ಸುತ್ತ "ಬೊಮೀ, ಬೊಮೀ" ಎಂದು ಕೂಗುತ್ತ ಹೋದರು. ಪಾಪ, ಅವರ ದನಿಯೂ ನಡುಗುತ್ತಿತ್ತು.

ಆಗ ಮೈಕಿನಲ್ಲಿ ಡೋಲಿನ ಸದ್ದು ಕೇಳಿಸಿತು. ಯೊನ್ಸು ಓಟ ನಿಲ್ಲಿಸಿದಳು.

"ಜಿಹೋ ಅವರ ಅಮ್ಮ, ಜಿಹೋ ಅವರ ಅಮ್ಮ. ತಪ್ಪಿಸಿಕೊಂಡ ಮಕ್ಕಳ ಮನೆಗೆ ಬನ್ನಿ. ನಿಮ್ಮ ದಾರಿ ಕಾಯ್ತಿದ್ದಾರೆ."

ಅವಳು ಹಿಂದಕ್ಕೆ ಕೈಹಾಕಿ ಬೆನ್ನ ಮೇಲಿನ ಜಿಹೋನ ಪಾದ ಹಿಡಿದುಕೊಂಡಳು. ತನ್ನ ಜಿಹೋ ಇಲ್ಲೇ ಇದ್ದಾನೆ. ಇನ್ನಾವಳದೋ ಜಿಹೋ ಕಳೆದಿರಬೇಕು. ಬೀದಿಗೆ ನಾಲ್ಕು ಜಿಹೋಗಳಿರುವ ಕಾಲ ಇದು. ಹೆತ್ತ ಮಗನನ್ನು ಕಳೆದುಕೊಂಡು ತಿರುಗುವ ಅವಳು ಎಂಥ ತಾಯಿಯೋ ಎಂಬ ತಿರಸ್ಕಾರವೂ ಆ ಸಂಕಟದ ನಡುವೆ ಅವಳ ಮನಸ್ಸಿನಲ್ಲಿ ಹಾದುಹೋಯಿತು. ಪಾಪ್‌ಕಾರ್ನ್ ಗಾಡಿಯ ಹುಡುಗನನ್ನು ಹಿಡಿದು ಅವಳು ಗೋಗರೆದಳು. ಅವನು ಸಮಾಧಾನ ಹೇಳಿದ. "ಸಿಕ್ಕಿದ್ರೆ ಮೈಕಲ್ಲಿ ಹೇಳ್ತಾರೆ ಅಕ್ಕಾ. ಕಿವಿ ಕೊಟ್ಟು ಕೇಳ್ತಿರಿ."

ಅವಳು ಕಿವಿ ಕೊಟ್ಟು ಕೇಳಿದಳು. ಡೋಲು ಮತ್ತೆ ಬಡಿಯಿತು, ಮತ್ತೆ ಜಿಹೋ ಅವರ ಅಮ್ಮ. ಇನ್ನೊಮ್ಮೆ ಬಡಿಯಿತು, ಮತ್ತೆ ಅದೇ. ಬೊಮಿಯ ಹೆಸರು ಬರಲಿ ಎಂದು ಕಾದು ಕಾದು ಯೊನ್ಸುವಿಗೆ ಆ ಜಿಹೋ ಅಮ್ಮನ ಮೇಲೆ ರೋಷ ಬಂತು. ಅವಳು ಬಂದು ತೊಲಗಿದರೆ ತನ್ನ ಮಗಳ ಹೆಸರಿಗೆ ಜಾಗವಾಗುತ್ತದಲ್ಲ! ಮೂರು ಸಲ ಕರೆದರೂ ಬಾರದವಳು ಕಿವುಡಿಯೋ, ಕಟುಕಿಯೋ?

ನಾಲ್ಕನೇ ಸಲ ಮೈಕಿನ ಹುಡುಗಿ ಮಾತು ಬದಲಿಸಿದಳು.

"ಜಿಹೋ ಅವರ ಅಮ್ಮ, ದಯವಿಟ್ಟು ಬನ್ನಿ. ಜಿಹೋ ಅಲ್ಲ, ಜಿಹೋನ ಅಕ್ಕ ಇಲ್ಲಿದ್ದಾಳೆ."

ಯೊನ್ಸು ಬೆನ್ನ ಮೇಲಿನ ಜಿಹೋನ ಕಟ್ಟನ್ನು ಬಿಗಿದುಕೊಂಡಳು. ಆಮೇಲೆ ಓಡಿದಳು.

ತಪ್ಪಿಸಿಕೊಂಡ ಮಕ್ಕಳ ಮನೆ ಅಣಬೆಯ ಆಕಾರದಲ್ಲಿತ್ತು. ಒಳಗೆ ಪುಟ್ಟ ಕುರ್ಚಿಯಲ್ಲಿ ಬೊಮಿ ಕೂತಿದ್ದಳು. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಯೊನ್ಸು ಹೋಗಿ ತಬ್ಬಿಕೊಂಡಾಗ ಅವಳು ದೂಡಲೂ ಇಲ್ಲ, ತಾನು ತಬ್ಬಲೂ ಇಲ್ಲ.

"ಇವಳೇನು ತಪ್ಪಿಸ್ಕೊಂಡಿರಲಿಲ್ಲ," ಎಂದಳು ಮೈಕಿನ ಹುಡುಗಿ. ದನಿಯಲ್ಲಿ ಸಿಟ್ಟಿತ್ತು. "ಸಾಲಲ್ಲೇ ನಿಂತಿದ್ಳು. ಸರದಿ ಬಂತು, ಪಕ್ಕ ದೊಡ್ಡೋರು ಯಾರೂ ಇಲ್ಲ. ಹತ್ತಿಸಂಗಿಲ್ಲ ಅಲ್ವಾ? ಇಲ್ಲಿ ಕರ್ಕೊಂಡು ಬಂದ್ವಿ. ಯಾರ ಜೊತೆ ಬಂದೆ ಅಂದ್ರೆ ಜಿಹೋ ಅಮ್ಮನ ಜೊತೆ ಅಂತಾಳೆ. ಹೆಸರು ಕೇಳಿದ್ರೆ ಜಿಹೋನ ಅಕ್ಕ ಅನ್ನೋದು ಬಿಟ್ರೆ ಏನೂ ಇಲ್ಲ. ಮೈಕಲ್ಲಿ ಕೂಗಿದ್ದಕ್ಕೆ ಬೇರೆ ಇಬ್ರು ಜಿಹೋ ಅಮ್ಮಂದಿರು ತಂತಮ್ಮ ಜಿಹೋಗಳನ್ನ ಎತ್ಕೊಂಡು ಓಡಿ ಬಂದ್ರು. ನೀವು ಬರ್ಲಿಲ್ಲ."

ಕೈಯಲ್ಲಿರುವ ಮಗುವಿನ ಹೆಸರು ಕೇಳಿಯೂ ಆ ಇಬ್ಬರು ಓಡಿ ಬಂದಿದ್ದರು.

"ನೀವು ಮಗೂಗೆ ಏನಾಗ್ಬೇಕು?"

"ಅಮ್ಮ."

ಹುಡುಗಿ ಬೊಮಿಯ ಎದುರು ಮಂಡಿಯೂರಿದಳು. ಮಕ್ಕಳನ್ನು ಕಂಡಕಂಡವರ ಕೈಗೆ ಕೊಡಬಾರದು ಎಂದು ಅವಳಿಗೆ ಹೇಳಿಕೊಟ್ಟಿದ್ದರು, ಅವಳದೇನೂ ತಪ್ಪಿಲ್ಲ. "ಪುಟ್ಟಾ, ಇವರು ಯಾರು?"

"ಜಿಹೋ ಅಮ್ಮ."

"ಅದು ಸರಿ. ನಿನ್ನಮ್ಮನಾ?"

ಬೊಮಿ ಅಷ್ಟರಲ್ಲಿ ಏದುಸಿರು ಬಿಡುತ್ತ ಬಾಗಿಲಲ್ಲಿ ಬಂದು ನಿಂತ ಅಜ್ಜಿಯ ಕಡೆಗೆ ನೋಡಿದಳು. ದೊಡ್ಡವರು ಸರಿಯಾದ ಉತ್ತರ ಹೇಳುತ್ತಾರೆ ಎಂದು ನಂಬಿರುವ ಮಕ್ಕಳ ನೋಟ ಅದು.

"ಅಜ್ಜಿ, ನೀವಾದ್ರೂ ಹೇಳಿ. ಇವರು ಈ ಮಗುವಿನ ಅಮ್ಮನೇನ್ರೀ?"

ಒಂದೇ ಒಂದು ಮಾತು ಸಾಕಿತ್ತು. "ಹೂಂ" ಎಂದಿದ್ದರೂ ಸಾಕಿತ್ತು, ತಲೆಯಾಡಿಸಿದ್ದರೂ ಸಾಕಿತ್ತು. ಯೊನ್ಸು ಅತ್ತೆಯ ಬಾಯನ್ನೇ ನೋಡಿದಳು. ಅತ್ತೆ ತುಟಿ ತೆರೆದರು, ಮುಚ್ಚಿದರು. ಕುಪ್ಪಸದ ತೋಳಿನಿಂದ ಬೆವರು ಒರೆಸಿಕೊಂಡರು.

"ನಾನು ಇದರಪ್ಪನ ತಾಯಿ," ಎಂದರು. "ಮಗು ನಮ್ಮದೇ. ನನ್ನ ಕೈಗೆ ಕೊಡಿ."

ಬೊಮಿ ಎದ್ದು ಹೋಗಿ ಅಜ್ಜಿಯ ಕೈ ಹಿಡಿದಳು. ಹುಡುಗಿ ಅಜ್ಜಿಯ ಫೋನ್ ನಂಬರು ಕೇಳಿ ಬರೆದುಕೊಂಡಳು. ಯೊನ್ಸುವನ್ನು ಏನೂ ಕೇಳಲಿಲ್ಲ.

ಹೊರಗೆ ಬಂದು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಯೊನ್ಸು ಕಟ್ಟೆಯೊಡೆದು ಮಾತಾಡಿದಳು. "ಒಂದ್ಮಾತು ಹೇಳಕ್ಕಾಗ್ಲಿಲ್ವಾ ಅತ್ತೆ? ಬಾಯಲ್ಲಿ ಮುತ್ತು ಉದುರಿ ಹೋಗ್ತಿತ್ತಾ? ಐದು ವರ್ಷ ಇವಳ ಹೇಲು ಉಚ್ಚೆ ಬಾಚಿದ್ದು ಯಾರು?"

"ನೀನೇ ಕಣೆ. ಇಲ್ಲ ಅಂದ್ನಾ?" ಅತ್ತೆ ತಿರುಗಿ ನಿಂತರು. ಅವರ ಕಣ್ಣಲ್ಲಿ ನೀರು ತುಂಬಿತ್ತು. "ಬೊಮಿ ಅಮ್ಮ ಅಂತ ನಾನು ಬಾಯ್ತುಂಬ ಕರೀತಿದ್ದೋಳು ಮಣ್ಣಲ್ಲಿ ಮಲಗಿದ್ದಾಳೆ. ಕೊನೇ ದಿನವೂ ಹಾಗೇ ಕರೆದೆ, ಕಣ್ಣು ಬಿಟ್ಟು ನೋಡಿದ್ಳು. ಅದೇ ಬಾಯಲ್ಲಿ ನಿನ್ನ ಹೆಂಗೆ ಕರೀಲಿ? ಹೇಳು, ಹೆಂಗೆ ಕರೀಲಿ?"

"ಅತ್ತೆ! ಮಗು..."

ಇಬ್ಬರೂ ಒಟ್ಟಿಗೆ ಕೆಳಗೆ ನೋಡಿದರು. ಬೊಮಿ ಅಜ್ಜಿಯ ಕೈ ಹಿಡಿದೇ ಇದ್ದಳು. ಒಮ್ಮೆ ಅಜ್ಜಿಯ ಮುಖ ನೋಡಿದಳು, ಒಮ್ಮೆ ಯೊನ್ಸುವಿನ ಮುಖ ನೋಡಿದಳು. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು, ಆದರೆ ಮಾತು ಆಗಲೇ ಹೊರಬಿದ್ದಿತ್ತು.

"ರೈಲಿಗೆ ಹೋಗೋಣ್ವಾ ಪುಟ್ಟಿ?" ಎಂದಳು ಯೊನ್ಸು. ತನ್ನ ದನಿ ತನಗೇ ಭಿಕ್ಷೆ ಬೇಡುವವರ ದನಿಯಂತೆ ಕೇಳಿಸಿತು. "ಎಷ್ಟು ಹೊತ್ತಾದ್ರೂ ಆಗ್ಲಿ. ಜಿಹೋ ಅತ್ರೆ ಅಳ್ಲಿ. ನಾವಿಬ್ರೇ."

ಬೊಮಿ ತಲೆಯಲ್ಲಾಡಿಸಿ ಬೇಡವೆಂದಳು.

ಬಸ್ಸಿನಲ್ಲಿ ಅತ್ತೆ ಮುಂದಿನ ಸೀಟಿನಲ್ಲಿ ಮಲಗಿದ ಜಿಹೋನನ್ನು ಎತ್ತಿಕೊಂಡು, ಹಿಂದಿರುಗಿ ನೋಡುವ ಧೈರ್ಯವಿಲ್ಲದೆ ಕೂತರು. ಬೊಮಿ ಕಿಟಕಿಯ ಪಕ್ಕ, ಅವಳ ಪಕ್ಕ ಯೊನ್ಸು. ಮುಂದಿನ ವರ್ಷಕ್ಕೆಂದು ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಮೆತ್ತನೆಯ ಮಾತು ಒಂದೂ ಈಗ ಬಾಯಿಗೆ ಬರಲಿಲ್ಲ. ಕೊನೆಗೆ ಚೀಲದಲ್ಲಿ ಕೈಯಾಡಿಸಿ ಪುಟ್ಟ ಡಬ್ಬಿ ತೆಗೆದಳು. ಮುಚ್ಚಳ ತೆರೆದು ಮಗಳ ಮುಂದೆ ಹಿಡಿದಳು. ಬಿಸಿಲಿಗೆ ಅನ್ನ ಒಣಗಿತ್ತು, ಪಾಲಕ್ಕು ಕಪ್ಪಾಗಿತ್ತು. ಆದರೂ ಎಲ್ಲ ತುದಿಗಳೇ, ಒಂದೂ ನಡುವಿನ ಚೂರಿಲ್ಲ.

"ತಿನ್ನು ಪುಟ್ಟಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು."

ಬೊಮಿ ಕಿಟಕಿಯಿಂದ ಈಚೆ ತಿರುಗಿದಳು. ಬೆನ್ನು ನೇರ ಮಾಡಿ ಕೂತಳು. ಆಮೇಲೆ ತಲೆ ಬಾಗಿಸಿ, ಎರಡೂ ಕೈ ಚಾಚಿ ಡಬ್ಬಿ ಈಸಿಕೊಂಡಳು.

"ತುಂಬ ಥ್ಯಾಂಕ್ಸು," ಎಂದಳು. "ನೀವೂ ತಿನ್ನಿ."